ಚಂದ್ರ ಕಾಲಡಿ ಇದ್ದಾಗ ಬಂದ ಉಬ್ಬರ

ಅಕ್ಕನ ಮಗಳು ಎಂಟನೇ ಕ್ಲಾಸು. ಉಬ್ಬರ ಇಳಿತದ ಪಾಠ ಬಾಯಿಪಾಠ ಆಗಿತ್ತು, ಆದರೆ ಅವಳಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಹಾಗಾಗಿ ಒಂದು ಹುಣ್ಣಿಮೆಯ ದಿನ ಬೆಳಗ್ಗೆಯಿಂದ ನಡುರಾತ್ರಿವರೆಗೂ ಸಮುದ್ರದ ದಡದಲ್ಲೇ ಕೂರೋಣ ಅಂತ ಇಬ್ಬರೂ ಹೊರಟೆವು. ಮಾಡಬೇಕಿದ್ದ ಕೆಲಸ ಇಷ್ಟೇ: ನೀರು ಎಲ್ಲಿವರೆಗೆ ಬಂತು ಅಂತ ಕಡ್ಡಿ ನೆಟ್ಟು ಗುರುತು ಮಾಡುವುದು, ಪಕ್ಕದಲ್ಲಿ ಹೊತ್ತು ಬರೆದುಕೊಳ್ಳುವುದು. ಕಡ್ಡಿ ನೆಡುವ ಹುಮ್ಮಸ್ಸು ಅವಳದು, ನೆರಳು ಹುಡುಕುವ ಹುಮ್ಮಸ್ಸು ನನ್ನದು.

ನಾವು ಹೋದಾಗ ಸಮುದ್ರ ಪೂರ್ತಿ ಇಳಿದಿತ್ತು. ಚಂದ್ರ ಆಗಷ್ಟೇ ನೀರಿನಾಚೆ ಮುಳುಗಿದ್ದ, ಬೆನ್ನ ಹಿಂದೆ ಸೂರ್ಯ ಹುಟ್ಟಿದ್ದ. ಹುಣ್ಣಿಮೆಯಲ್ಲಿ ಹೀಗೇ. ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ, ನಡುವೆ ಭೂಮಿ. ಒಬ್ಬ ಏಳುವ ಹೊತ್ತಿಗೆ ಇನ್ನೊಬ್ಬ ಮುಳುಗಲೇಬೇಕು.

ಮೊದಲ ಒಂದು ಗಂಟೆ ಏನೂ ಆಗುತ್ತಿಲ್ಲ ಅನ್ನಿಸಿತು. ಅಲೆ ಬರುತ್ತದೆ, ಹೋಗುತ್ತದೆ. ಅದನ್ನೇ ನೋಡುತ್ತಾ ಕೂತರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತೇ ಆಗಲ್ಲ. ಗೊತ್ತಾಗಿದ್ದು ಏಡಿಯ ಬಿಲದಿಂದ. ಕಡ್ಡಿಯ ಪಕ್ಕದಲ್ಲೇ ಹೆಬ್ಬೆರಳಷ್ಟು ಅಗಲದ ಒಂದು ಬಿಲ ಇತ್ತು. ಅಲೆ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ, ಆದರೂ ಬಿಲದ ತಳದಲ್ಲಿ ನೀರು ಜಿನುಗತೊಡಗಿತು. ಮರಳಿನೊಳಗಿಂದ ಸಮುದ್ರ ಮೊದಲೇ ಬಂದಿತ್ತು. ಆಮೇಲೆ ಮೊದಲ ತೆಳು ಅಲೆ ಬಿಲದ ಮೇಲೆ ಹರಿದಾಗ ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬಂತು. ಹತ್ತು ನಿಮಿಷದಲ್ಲಿ ಬಿಲವೂ ಇಲ್ಲ, ಕಡ್ಡಿಯೂ ಅರ್ಧ ಮುಳುಗಿತ್ತು.

ದೋಣಿ ನಡೆಸುವವರಿಗೆ ಇದರ ಒಂದು ಅಂದಾಜು ಲೆಕ್ಕ ಇದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ನಮ್ಮ ಕಡ್ಡಿಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ಹತ್ತು ಗಂಟೆ ಸುಮಾರಿಗೆ ಚಪ್ಪಲಿ ಎತ್ತಿಕೊಂಡು ಓಡುವ ಪರಿಸ್ಥಿತಿ.

ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ನೀರು ತುಂಬಿ ನಿಂತಿತು. ಆಗ ಬಂತು ಪ್ರಶ್ನೆ. "ಚಂದ್ರ ನೀರನ್ನ ಎಳೀತಾನೆ ಅಂತೀರಾ. ಈಗ ಅವನೆಲ್ಲಿದ್ದಾನೆ?"

ನಾನು ಕಾಲಡಿಗೆ ಕೈ ತೋರಿಸಿದೆ. ಹುಣ್ಣಿಮೆಯ ನಡುಮಧ್ಯಾಹ್ನ ಚಂದ್ರ ಇರುವುದು ಭೂಮಿಯ ಆ ಕಡೆ.

"ಹಾಗಾದ್ರೆ ನೀರು ಆ ಕಡೆ ಹೋಗ್ಬೇಕಿತ್ತು ಅಲ್ವಾ?"

ನನ್ನನ್ನು ಕೇಳಿದರೆ ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. 'ಚಂದ್ರ ನೀರನ್ನು ಎಳೆಯುತ್ತಾನೆ' ಅಂತ ಬರೆದು ಮುಂದೆ ಹೋಗುವ ಪಾಠಗಳು ದಿನಕ್ಕೆ ಒಂದು ಉಬ್ಬರವನ್ನಷ್ಟೇ ವಿವರಿಸುತ್ತವೆ. ಹೆಚ್ಚಿನ ತೀರಗಳಲ್ಲಿ ಬರುವುದು ಎರಡು. ಗೆಲಿಲಿಯೊನಂಥವನೇ ಇಲ್ಲಿ ಎಡವಿದ್ದ. 1632ರ ತನ್ನ ಪುಸ್ತಕದಲ್ಲಿ, ಭೂಮಿ ತಿರುಗುವುದರಿಂದ ನೀರು ತುಳುಕಿ ಉಬ್ಬರ ಬರುತ್ತದೆ ಅಂತ ವಾದಿಸಿದ. ಚಂದ್ರನೇ ಕಾರಣ ಅಂದ ಕೆಪ್ಲರ್‌ನ ಮಾತು ಅವನಿಗೆ ರುಚಿಸಲಿಲ್ಲ. ಅವನ ಲೆಕ್ಕದಲ್ಲೂ ಉಬ್ಬರ ದಿನಕ್ಕೆ ಒಂದೇ. ಸರಿಯಾದ ಉತ್ತರದ ದಾರಿ ತೋರಿಸಿದ್ದು 1687ರಲ್ಲಿ ನ್ಯೂಟನ್.

ಮರಳಿನ ಮೇಲೆ ಮೂರು ಕಪ್ಪೆಚಿಪ್ಪು ಸಾಲಾಗಿ ಇಟ್ಟೆ. ಚಂದ್ರನ ಕಡೆಯದು ಒಂದು, ನಡುವಿನದು ಭೂಮಿಯ ಕೇಂದ್ರ, ಮೂರನೆಯದು ಆಚೆ ಬದಿ. ಹತ್ತಿರದ್ದನ್ನು ಚಂದ್ರ ಜಾಸ್ತಿ ಎಳೆಯುತ್ತಾನೆ, ಅದನ್ನು ಮೂರು ಗೇಣು ಸರಿಸಿದೆ. ನಡುವಿನದನ್ನು ಎರಡು ಗೇಣು. ದೂರದ್ದನ್ನು ಒಂದೇ ಗೇಣು. ಮೂರೂ ಚಂದ್ರನ ಕಡೆಗೇ ಹೋದವು. ಈಗ ನಡುವಿನ ಚಿಪ್ಪಿನ ಮೇಲೆ ಕೂತು ನೋಡು ಅಂದೆ. ಮುಂದಿನದೂ ದೂರ ಆಗಿದೆ, ಹಿಂದಿನದೂ ದೂರ ಆಗಿದೆ. ಆಚೆ ಬದಿಯ ನೀರನ್ನು ಯಾರೂ ಹೊರಗೆ ಎಳೆದಿಲ್ಲ, ಅದು ಸುಮ್ನೆ ಹಿಂದೆ ಉಳಿದಿದೆ. ನಮ್ಮ ಮುಂದೆ ತುಂಬಿ ನಿಂತಿದ್ದದ್ದು ಆ ಹಿಂದೆ ಉಳಿದ ನೀರು.

ಅವಳು ಚಿಪ್ಪುಗಳನ್ನು ಹಿಂದೆ ಮುಂದೆ ಮಾಡಿ ಮತ್ತೊಮ್ಮೆ ಸರಿಸಿ ನೋಡಿದಳು. ನಂಬಿಕೆ ಬಂತು ಅನ್ನಿಸುತ್ತೆ.

ಇನ್ನೊಂದು ಮಾತು. ಚಂದ್ರ ನೀರನ್ನು ಮೇಲಕ್ಕೆ ಎತ್ತುವುದೂ ಇಲ್ಲ. ಉಬ್ಬರ ತರುವ ಬಲ ಭೂಮಿಯ ಗುರುತ್ವದ ಮುಂದೆ ಕೋಟಿಯಲ್ಲೊಂದು ಪಾಲು, ಅದರಿಂದ ಬೊಗಸೆ ನೀರನ್ನೂ ಎತ್ತಲು ಆಗದು. ಆದರೆ ನೀರನ್ನು ಅಡ್ಡಕ್ಕೆ ಸರಿಸಲು ಅಷ್ಟು ಸಾಕು. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ನೀರು ಒಂದಿಷ್ಟಿಷ್ಟೇ ಸರಿದು ಒಂದು ಕಡೆ ಸೇರುತ್ತದೆ. ನಡುವೆ ಖಂಡಗಳು ಅಡ್ಡ ಬರುತ್ತವೆ, ಆಳ ಬದಲಾಗುತ್ತದೆ. ಹಾಗಾಗಿ ಚಂದ್ರ ನೆತ್ತಿಗೆ ಬಂದ ಎಷ್ಟು ಹೊತ್ತಿಗೆ ಉಬ್ಬರ ಅನ್ನುವುದು ಪ್ರತಿ ತೀರಕ್ಕೂ ಬೇರೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಎಷ್ಟೋ ಕಡೆ ಗಮನಕ್ಕೇ ಬರಲ್ಲ.

"ಸೂರ್ಯ ನೆತ್ತಿ ಮೇಲಿದ್ದಾನೆ. ಇದು ಅವನ ಕೆಲಸ ಯಾಕಿರಬಾರದು?" ಅಂದಳು. ಒಳ್ಳೆ ಅನುಮಾನ. ಸೂರ್ಯ ಭೂಮಿಯನ್ನು ಎಳೆಯುವ ಬಲ ಚಂದ್ರನದಕ್ಕಿಂತ ಸುಮಾರು 178 ಪಟ್ಟು ಹೆಚ್ಚು. ಆದರೂ ಉಬ್ಬರದಲ್ಲಿ ಅವನ ಪಾಲು ಕಡಿಮೆ. ಎಳೆತ ಎಷ್ಟು ಜೋರು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಈ ಬದಿಗೂ ಆ ಬದಿಗೂ ಎಳೆತದಲ್ಲಿ ಎಷ್ಟು ವ್ಯತ್ಯಾಸ ಅನ್ನುವುದೇ ಲೆಕ್ಕ. ಚಂದ್ರ ಇರುವುದು 3,84,400 ಕಿಲೋಮೀಟರ್ ದೂರದಲ್ಲಿ, ಅವನ ಎಳೆತದಲ್ಲಿ ಭೂಮಿಯ ಎರಡು ಬದಿಗಳ ನಡುವೆ ಸುಮಾರು ಶೇಕಡಾ 7ರಷ್ಟು ವ್ಯತ್ಯಾಸ ಬೀಳುತ್ತದೆ. ಸೂರ್ಯ 15 ಕೋಟಿ ಕಿಲೋಮೀಟರ್ ಆಚೆ. ಅಲ್ಲಿಂದ ನೋಡಿದರೆ ಭೂಮಿಯ ಈ ಬದಿಯೂ ಒಂದೇ, ಆ ಬದಿಯೂ ಒಂದೇ.

ಲೆಕ್ಕವನ್ನು ಅವಳೇ ಒದ್ದೆ ಮರಳಿನ ಮೇಲೆ ಬರೆದಳು. ಸೂರ್ಯ ಚಂದ್ರನಿಗಿಂತ 2.7 ಕೋಟಿ ಪಟ್ಟು ಭಾರ, 390 ಪಟ್ಟು ದೂರ. 390ರಿಂದ ಎರಡು ಸಲ ಭಾಗಿಸಿದರೆ ಎಳೆತದ ಹೋಲಿಕೆ ಸಿಗುತ್ತದೆ, ಅದೇ ಆ 178. ಮೂರನೇ ಸಲ ಭಾಗಿಸಿದರೆ ಉಬ್ಬರದ ಹೋಲಿಕೆ: 0.46. ಅಂದರೆ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಮೂವರೂ ಒಂದೇ ಸಾಲಿಗೆ ಬರುವುದರಿಂದ ಇಬ್ಬರ ಉಬ್ಬರವೂ ಕೂಡುತ್ತದೆ. ಸೂರ್ಯ, ಚಂದ್ರ ಒಂದೇ ಬದಿಗಿದ್ದರೂ ಎದುರುಬದುರಾಗಿದ್ದರೂ ಎರಡೂ ಕಡೆ ಉಬ್ಬು ಇದ್ದೇ ಇರುತ್ತದಲ್ಲ, ಹಾಗಾಗಿ ಫಲ ಒಂದೇ. ಅರ್ಧ ಚಂದ್ರ ಇದ್ದಾಗ ಒಬ್ಬರದನ್ನು ಇನ್ನೊಬ್ಬರು ತಗ್ಗಿಸುತ್ತಾರೆ.

ಮಧ್ಯಾಹ್ನದ ಮೇಲೆ ಹೇಳುವಂಥದ್ದೇನೂ ನಡೆಯಲಿಲ್ಲ. ಬಿಸಿಲು, ಮತ್ತೆ ಬಿಸಿಲು. ನೀರು ಇಳಿಯಿತು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹಿಂದಿನ ಮರಗಳ ಮೇಲೆ ಚಂದ್ರ ಕಾಣಿಸಿಕೊಂಡ. ನಾಳೆ ಇವನು ಸುಮಾರು 50 ನಿಮಿಷ ತಡ ಮಾಡಿ ಬರುತ್ತಾನೆ. ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಅವನು ತನ್ನ ದಾರಿಯಲ್ಲಿ 13 ಡಿಗ್ರಿ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿ ಇನ್ನೊಂದಿಷ್ಟು ತಿರುಗಬೇಕು. ಉಬ್ಬರವೂ ಅಷ್ಟೇ ತಡ. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ ಆಗುವುದು ಇದಕ್ಕೇ.

ಕತ್ತಲಾದ ಮೇಲೆ ಅವಳು ಮಾತಿಗೆ ಇಳಿದಳು. ಇಷ್ಟು ನೀರು ದಿನಕ್ಕೆರಡು ಸಲ ಓಡಾಡಿದರೆ ಉಜ್ಜಾಟ ಆಗಲ್ವಾ, ಆ ಶಕ್ತಿ ಎಲ್ಲಿಂದ ಬರುತ್ತೆ? ಭೂಮಿಯ ತಿರುಗಾಟದಿಂದಲೇ. ಭೂಮಿ ಚಂದ್ರನಿಗಿಂತ ಬೇಗ ತಿರುಗುವುದರಿಂದ ನೀರಿನ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಎಳೆದೊಯ್ಯುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆ ಸೆಳೆಯುತ್ತದೆ, ಚಂದ್ರ ಉಬ್ಬನ್ನು ಹಿಂದಕ್ಕೆ ಜಗ್ಗುತ್ತಾನೆ. ಚಂದ್ರ ದೂರ ಹೋಗುತ್ತಾನೆ, ಭೂಮಿ ನಿಧಾನ ಆಗುತ್ತದೆ. 1969ರಲ್ಲಿ ಅಪೊಲೊ 11ರವರು ಇಟ್ಟು ಬಂದ ಪ್ರತಿಫಲಕಕ್ಕೆ ಲೇಸರ್ ಬಿಟ್ಟು ದೂರ ಅಳೆಯುತ್ತಲೇ ಇದ್ದಾರೆ. ವರ್ಷಕ್ಕೆ 3.8 ಸೆಂಟಿಮೀಟರ್ ಸರಿಯುತ್ತಿದ್ದಾನೆ. ಹಳೆಯ ಕಾಲದ ಸಾಕ್ಷಿ ಹವಳದಲ್ಲಿದೆ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಸುಮಾರು 38 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನಕ್ಕೊಂದರಂತೆ ಬೆಳೆದ ಗೆರೆಗಳನ್ನು ಎಣಿಸಿದರು. ವರ್ಷಕ್ಕೆ ಸುಮಾರು 400 ಗೆರೆ. ಆಗ ವರ್ಷದಲ್ಲಿ 400 ದಿನ, ದಿನಕ್ಕೆ 22 ಗಂಟೆ.

ಇದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, "ಭೂಮಿ ಚಂದ್ರನಿಗೆ ಏನೂ ಮಾಡಲ್ವಾ?" ಮಾಡಿಯಾಗಿದೆ. ಅವನ ತಿರುಗಾಟವನ್ನು ಭೂಮಿ ಎಷ್ಟೋ ಹಿಂದೆಯೇ ಕಟ್ಟಿಹಾಕಿದೆ. ಅದಕ್ಕೇ ಅವನ ಒಂದೇ ಮುಖ ನಮಗೆ ಕಾಣುವುದು.

ನಡುರಾತ್ರಿ ದಾಟಿದ ಮೇಲೆ ಎರಡನೇ ಉಬ್ಬರ ಬಂತು. ಟಾರ್ಚ್ ಹಾಕಿ ನೋಡಿದರೆ ನೀರು ಮಧ್ಯಾಹ್ನದ ಕಡ್ಡಿಗಿಂತ ಒಂದು ಮೊಳ ಮೇಲೆ ಬಂದಿತ್ತು. ಚಂದ್ರ ಸಮಭಾಜಕದ ನೇರಕ್ಕೇ ಯಾವಾಗಲೂ ಇರಲ್ಲ. ಭೂಮಿಯ ಅಕ್ಷ 23.4 ಡಿಗ್ರಿ ಓರೆ, ಅವನ ದಾರಿಯೂ 5 ಡಿಗ್ರಿ ಓರೆ. ಹಾಗಾಗಿ ಒಂದು ಉಬ್ಬು ಉತ್ತರಕ್ಕೆ ವಾಲಿದರೆ ಇನ್ನೊಂದು ದಕ್ಷಿಣಕ್ಕೆ ವಾಲುತ್ತದೆ, ದಿನದ ಎರಡು ಉಬ್ಬರಗಳು ಸಮ ಆಗುವುದಿಲ್ಲ. ಏರುವುದು ನೀರೊಂದೇ ಅಲ್ಲ, ನಾವು ಕೂತಿದ್ದ ನೆಲವೂ ಸುಮಾರು ಒಂದು ಅಡಿ ಏರಿಳಿಯುತ್ತದೆ. ಜಿನೀವಾ ಹತ್ತಿರದ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕ (ಪರಮಾಣುವಿಗಿಂತ ಸಣ್ಣ ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ಯಂತ್ರ) ಇದರಿಂದ ಒಂದು ಮಿಲಿಮೀಟರ್‌ನಷ್ಟು ಹಿಗ್ಗಿ ಕುಗ್ಗುತ್ತಿತ್ತು. ಅಲ್ಲಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

"ನಮ್ಮ ಮೈಯಲ್ಲೂ ನೀರೇ ಜಾಸ್ತಿ ಅಂತಾರಲ್ಲ. ಹುಣ್ಣಿಮೆಗೆ ತಲೆ ಕೆಡುತ್ತೆ ಅನ್ನೋದು ಅದಕ್ಕೇನಾ?"

ಉತ್ತರ ಅಮೆರಿಕದ ಮಹಾ ಸರೋವರಗಳು ನೂರಾರು ಕಿಲೋಮೀಟರ್ ಉದ್ದ, ಅಲ್ಲೇ ಉಬ್ಬರ 5 ಸೆಂಟಿಮೀಟರ್ ದಾಟಲ್ಲ, ನಿನ್ನ ತಲೆಗೂ ಕಾಲಿಗೂ ಎರಡು ಮೀಟರ್ ಕೂಡ ಇಲ್ಲ ಅಂದೆ. ಅವಳು ಬಾಯಿ ಬಿಟ್ಟು ಆಕಳಿಸಿ, ಹಾಗಾದ್ರೆ ಇದು ಬರೀ ನಿದ್ದೆಯದ್ದು ಅಂದಳು. ಕಡ್ಡಿ ಕಿತ್ತುಕೊಂಡು ಎದ್ದೆವು.