ಡ್ರೋನ್ ಕಾಲದಲ್ಲೂ ಪೈಲಟ್‌ಗಳನ್ನು ಗಿರಗಿರ ತಿರುಗಿಸುವುದು ಯಾಕೆ?

ಯಲಹಂಕದಲ್ಲಿ ಏರೋ ಇಂಡಿಯಾ ಮುಗಿದ ವಾರ ಈ ಪ್ರಶ್ನೆ ತಪ್ಪಿದ್ದಲ್ಲ: "ಮುಂದಿನ ಯುದ್ಧವೆಲ್ಲ ಡ್ರೋನು, ದೂರದ ಕ್ಷಿಪಣಿ. ಫೈಟರ್ ಪೈಲಟ್‌ಗಳನ್ನು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ, ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಸುತ್ತಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ನಲ್ಲಿ ಇನ್ನೂ ಯಾಕೆ ತಿರುಗಿಸಬೇಕು? ಸಿಮ್ಯುಲೇಟರ್ ಸಾಲದೇ?"

ಸಾಲದು. ದೂರದಿಂದ ಹೊಡೆಯುವವನೂ ತನ್ನತ್ತ ಬರುವ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಲು ವಿಮಾನವನ್ನು ಬಿರುಸಾಗಿ ತಿರುಗಿಸಲೇಬೇಕು. ಆಗ ಮೈಮೇಲೆ ಬೀಳುವ ಹೊರೆಯ ಅಳತೆಯೇ 'ಜಿ': 1 ಜಿ ಎಂದರೆ ಭೂಮಿಯ ಮಾಮೂಲಿ ಸೆಳೆತ, 9 ಜಿ ಎಂದರೆ ಅದರ ಒಂಬತ್ತು ಪಟ್ಟು. 70 ಕಿಲೋ ಮನುಷ್ಯ 9 ಜಿಯಲ್ಲಿ 630 ಕಿಲೋ ತೂಗುತ್ತಾನೆ. ಸಾಮಾನ್ಯ ಸಿಮ್ಯುಲೇಟರ್ ಆ ಹೊರೆ ಹೊರಿಸಲಾರದು.

ಕಣ್ಣು ಹೃದಯಕ್ಕಿಂತ ಸುಮಾರು 30 ಸೆಂ.ಮೀ. ಮೇಲಿದೆ. ಪ್ರತಿ ಜಿಗೂ ಆ ಎತ್ತರದಲ್ಲಿ ರಕ್ತದೊತ್ತಡ ಸುಮಾರು 22 ಮಿ.ಮೀ. ಇಳಿಯುತ್ತದೆ, ಲೆಕ್ಕ ಹಾಕಿದರೆ 120 ಇದ್ದದ್ದು 5 ಜಿ ದಾಟುವಷ್ಟರಲ್ಲಿ ಸೊನ್ನೆ. ಕಣ್ಣುಗುಡ್ಡೆಯ ಒಳಗಿನ ಒತ್ತಡ ರಕ್ತವನ್ನು ತಡೆಯುವುದರಿಂದ ಮೊದಲು ದೃಷ್ಟಿ ಮಬ್ಬಾಗುತ್ತದೆ, ಆಮೇಲೆ ಪ್ರಜ್ಞೆ ಹೋಗುತ್ತದೆ. ಜಿ ಸರ್ರನೆ ಏರಿದರೆ ಆ ಮುನ್ಸೂಚನೆಯೂ ಸಿಗುವುದಿಲ್ಲ. ಪ್ರಜ್ಞೆ ತಪ್ಪಿದವರು ಎಚ್ಚೆತ್ತು ತಲೆ ನೆಟ್ಟಗಾಗಲು ಹೆಚ್ಚೂಕಡಿಮೆ ಅರ್ಧ ನಿಮಿಷ. ಫೈಟರ್‌ಗೆ ನೆಲ ಮುಟ್ಟಲು ಅಷ್ಟು ಬೇಕಿಲ್ಲ.

ಗಾಳಿ ತುಂಬಿ ಕಾಲು, ಹೊಟ್ಟೆಯನ್ನು ಒತ್ತಿ ಹಿಡಿಯುವ ಉಡುಪಾದ ಜಿ-ಸೂಟ್ ಕೊಡುವ ನೆರವು ಒಂದು, ಒಂದೂವರೆ ಜಿ ಮಾತ್ರ. ಉಳಿದದ್ದು ಸ್ನಾಯುಗಳ ಕೆಲಸ. ಜಿ ಏರುವ ಮೊದಲೇ ಮೀನಖಂಡ, ತೊಡೆ, ಪಿರ್ರೆ, ಹೊಟ್ಟೆ ಬಿಗಿ ಹಿಡಿಯಬೇಕು. ಎದೆ ತುಂಬ ಉಸಿರೆಳೆದು ಗಂಟಲು ಮುಚ್ಚಿ ತಿಣುಕಬೇಕು. ಮೂರು ಸೆಕೆಂಡಿಗೊಮ್ಮೆ, ಒಂದು ಸೆಕೆಂಡಿನೊಳಗೆ, ಚೂರು ಉಸಿರು ಬಿಟ್ಟು ಮತ್ತೆ ಎಳೆಯಬೇಕು. ಕಾಲು ಮಾತ್ರ ಸಡಿಲಿಸಬಾರದು.

ಎಡವುವುದು ಇಲ್ಲೇ. ಕಣ್ಣು ಮಬ್ಬಾದ ಮೇಲೆ ಬಿಗಿಯಲು ಶುರುಮಾಡಿದರೆ ತಡವಾಯಿತು. ಉಸಿರು ಐದಾರು ಸೆಕೆಂಡು ಕಟ್ಟಿದರೆ ಎದೆಯೊಳಗಿನ ಒತ್ತಡಕ್ಕೆ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುತ್ತದೆ. ಪೂರ್ತಿ ಉಸಿರು ಬಿಟ್ಟರೆ ಕಟ್ಟಿದ ಒತ್ತಡ ಒಮ್ಮೆಗೇ ಕುಸಿಯುತ್ತದೆ. ರೇಡಿಯೋದಲ್ಲಿ ಉದ್ದ ಮಾತಾಡಿದರೂ ಅದೇ ಕಥೆ. ನೀರು ಕುಡಿಯದೆ, ನಿದ್ದೆಗೆಟ್ಟು ಬಂದವರ ಗತಿ ಹೇಳುವುದೇ ಬೇಡ.

ಮುಂದಿನ ಯುದ್ಧ ಇದನ್ನು ಹಗುರ ಮಾಡುತ್ತಿಲ್ಲ, ಇನ್ನೂ ಬಿಗಿ ಮಾಡುತ್ತಿದೆ. ಎಚ್‌ಎಎಲ್ ರೂಪಿಸುತ್ತಿರುವ ಕ್ಯಾಟ್ಸ್ ವಾರಿಯರ್ ಡ್ರೋನ್‌ಗೆ ತೇಜಸ್‌ನೊಳಗೆ ಕೂತವರೇ ಆದೇಶ ಕೊಡಬೇಕೆಂಬುದು ಯೋಜನೆ. ತಿಣುಕುವುದರ ಕಡೆಗೇ ಗಮನವಿದ್ದರೆ ಪರದೆ ನೋಡುವವರು ಯಾರು? ಅದಕ್ಕೇ ಸೆಂಟ್ರಿಫ್ಯೂಜ್‌ನಲ್ಲೂ ಗುರಿ ಬೆನ್ನಟ್ಟುವಂಥ ಕೆಲಸ ಕೊಡುವುದು ಒಳ್ಳೆಯದು. ಕಾಲು ತಾನಾಗಿ ಬಿಗಿಯುವಷ್ಟು ರೂಢಿಯಾಗಬೇಕು, ತಲೆ ಬಿಡುವಾಗಿರಬೇಕು.

ಇನ್ನು ಕುತ್ತಿಗೆ. ಪರದೆಯಿರುವ 2 ಕಿಲೋ ಹೆಲ್ಮೆಟ್ 9 ಜಿಯಲ್ಲಿ 18 ಕಿಲೋ. ತಲೆ ಹಿಂದಕ್ಕೆ ತಿರುಗಿಸಿದ್ದಾಗ ಆ ಭಾರ ಬಿದ್ದರೆ ಉಳುಕುವ ಅಪಾಯ ಹೆಚ್ಚು. ವಿಮಾನವನ್ನು ಬಿರುಸಾಗಿ ತಿರುಗಿಸುವ ಮೊದಲೇ ತಲೆಯನ್ನು ಸೀಟಿಗೆ ಆನಿಸಿ, ನೋಡುವುದನ್ನು ಕಣ್ಣಿಗೆ ಬಿಡಬೇಕು.