ಹದಿನೈದು ಪದ, ಐದು ಸಲ

ಮಾಟುಂಗದ ಒಂದು ಉಡುಪಿ ಹೋಟೆಲಿನ ಸಪ್ಲೈಯರ್, ಸೋಮವಾರ ಬೆಳಿಗ್ಗೆ ಅಕ್ಕನ ಜೊತೆ ಬಂದಿದ್ದರು. ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಯಾರೂ ಇಲ್ಲದೆ ಕಿವಿಗೆ ಬೀಳುತ್ತಿದ್ದ ದನಿಗಳು ನಿಂತು ವರ್ಷವಾಗಿದೆ. "ಗುಣ ಆಗಿದೆ ಅಂದ್ರಲ್ಲ ಮೇಡಂ, ಮತ್ತೆ ಮೂರು ಆರ್ಡರ್ ಹೇಳಿದ್ರೆ ಒಂದೇ ಯಾಕೆ ತರ್ತಾನೆ? ಸೋಮಾರಿ ಅಂತಾರೆ ಎಲ್ರೂ" ಎಂದರು ಅಕ್ಕ.

ನಾವು ಮಾಡುವುದು ನೆನಪು, ಯೋಚನೆಯ ವೇಗ ಅಳೆಯುವ ಪರೀಕ್ಷೆ. ಅದಕ್ಕೆ ಮೊದಲು ರಾತ್ರಿಯ ನಿದ್ದೆ, ಬೆಳಗಿನ ಮಾತ್ರೆ, ಕನ್ನಡಕ ವಿಚಾರಿಸಬೇಕು. ಜೊತೆಗೆ ಲೆಕ್ಕದ ಭಾಷೆ. ಮುಂಬಯಿ ಕನ್ನಡಿಗರಲ್ಲಿ ಇದನ್ನು ಮರೆತರೆ ಅಂಕ ಸುಮ್ಮನೆ ಕುಸಿಯುತ್ತದೆ. ಇವರದು ಮನೆಯಲ್ಲಿ ತುಳು, ಓದಿದ್ದು ಕನ್ನಡ, ಎಣಿಸುವುದು ಹಿಂದಿ. ಹಾಗಾಗಿ ಪದಗಳನ್ನು ಕನ್ನಡದಲ್ಲಿ, ಅಂಕಿಗಳನ್ನು ಹಿಂದಿಯಲ್ಲಿ ಕೊಟ್ಟೆವು.

ಸೆಕೆಂಡಿಗೊಂದರಂತೆ 15 ಪದ ಓದುವುದು, ನೆನಪಾದಷ್ಟು ಹೇಳಿಸುವುದು. ಅದೇ ಪಟ್ಟಿ 5 ಸಲ. ಅವರಿಗೆ ಸಿಕ್ಕಿದ್ದು 4, 5, 6, 7, 7. ಇಪ್ಪತ್ತು ನಿಮಿಷ ಬಿಟ್ಟು ಕೇಳಿದಾಗ 6. ಅಂದರೆ ಒಳಗೆ ಇಳಿದದ್ದು ಉಳಿಯುತ್ತದೆ, ಇಳಿಯುವುದೇ ಕಷ್ಟ. ಅಂಕಿಗೆ ತಕ್ಕ ಚಿಹ್ನೆ ಬರೆಯುವ 90 ಸೆಕೆಂಡಿನ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ, ಆದರೆ ತುಂಬ ನಿಧಾನ. ಈ ಕಾಯಿಲೆಯಲ್ಲಿ ಹೆಚ್ಚು ಪೆಟ್ಟು ತಿನ್ನುವುದರಲ್ಲಿ ಈ ವೇಗವೂ ಒಂದು. ದನಿ ಅಡಗಿಸುವ ಮಾತ್ರೆ ಇದನ್ನು ಅಷ್ಟಾಗಿ ಎತ್ತುವುದಿಲ್ಲ. ಇದಕ್ಕೆ ಸೋಮಾರಿತನ ಎಂದು ಹೆಸರಿಡುವುದು ಅನ್ಯಾಯ.

ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಕೂಡ ಇತ್ತು. ನಡುಕ, ಬಿಗಿತಕ್ಕೆ ಕೊಡುವ ಈ ಮಾತ್ರೆ ನೆನಪನ್ನು ಮಂಕು ಮಾಡಬಲ್ಲದು. ತಾವಾಗಿ ನಿಲ್ಲಿಸಬಾರದು, ಡೋಸ್ ಇಳಿಸಬಹುದೇ ಎಂದು ಡಾಕ್ಟರಿಗೆ ಬರೆದೆವು.

ಮಧ್ಯಾಹ್ನ ಡೊಂಬಿವಲಿಯಿಂದ ಬ್ಯಾಂಕ್ ನೌಕರಿಯ ಹೆಂಗಸೊಬ್ಬರು ಬಂದರು. ಬೈಪೋಲಾರ್, ಅಂದರೆ ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ. ಮನಸ್ಸು ಸಮವಾಗಿ ಐದು ತಿಂಗಳು. ಉನ್ಮಾದವೋ ಖಿನ್ನತೆಯೋ ಇರುವಾಗ ಪರೀಕ್ಷಿಸಿದರೆ ಅಳೆದದ್ದು ಆ ಹೊತ್ತಿನ ಮನಸ್ಥಿತಿಯನ್ನೇ. ಐದನೇ ಸಲಕ್ಕೆ 12 ಪದ ಹೇಳಿದರು. ಒಂದು ಅಂಕಿ, ಒಂದು ಅಕ್ಷರ ಎಂದು ಸರದಿಯಲ್ಲಿ ಜೋಡಿಸುವಲ್ಲಿ ಮಾತ್ರ ಪದೇ ಪದೇ ತಡವರಿಸಿದರು. ಬೈಪೋಲಾರ್‌ನಲ್ಲಿ ಇಂಥ ಕೊರತೆ ಸ್ಕಿಜೋಫ್ರೇನಿಯಾಕ್ಕಿಂತ ಸಾಮಾನ್ಯವಾಗಿ ಕಡಿಮೆ, ಆದರೆ ಮನಸ್ಸು ನೆಟ್ಟಗಾದ ಮೇಲೂ ಹಲವರಲ್ಲಿ ಉಳಿಯುತ್ತದೆ. ಮನಸ್ಸನ್ನು ಸಮವಾಗಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ಥೈರಾಯ್ಡ್ ಗ್ರಂಥಿಯ ಕೆಲಸ ತಗ್ಗಿಸಿದರೆ ಅದರಿಂದಲೂ ತಲೆ ಮಂದವಾಗುತ್ತದೆ. ಅದಕ್ಕೇ ಲಿಥಿಯಂ ಮಟ್ಟದ ಜೊತೆ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಕೂಡ ನೋಡಿಸಲು ಹೇಳಿದೆವು.

ಸಂಜೆ ಹೋಟೆಲ್ ಮಾಲೀಕರೊಂದಿಗೆ ಫೋನಿನಲ್ಲಿ ಮಾತಾಯಿತು. ಆ ಸಪ್ಲೈಯರನ್ನು ಬೆಳಗಿನ ನೂಕುನುಗ್ಗಲಿನಲ್ಲಿ ಕೆಲಸಕ್ಕೆ ನಿಲ್ಲಿಸಬಾರದು. ಆರ್ಡರನ್ನು ಗಿರಾಕಿಯ ಎದುರೇ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಅಡುಗೆಮನೆಗೆ. ತಪ್ಪಿ ಕಲಿಯುವುದಕ್ಕಿಂತ ತಪ್ಪದಂತೆ ಕಲಿಸುವುದು ಇಂಥವರಿಗೆ ಹೆಚ್ಚು ಹತ್ತುತ್ತದೆ. ಮೊದಲ ವಾರ ಎರಡೇ ಟೇಬಲ್. ತಪ್ಪಿಲ್ಲದೆ ನಡೆದರೆ ಮೂರನೆಯದು.