ಕೆಂಪಿಯ ದರ್ಬಾರು

ಆಗಸ್ಟ್ 3, 2025, ಭಾನುವಾರ
ಶಿರ್ವ

ನಮ್ಮ ಹೇಂಟೆ ಕೆಂಪಿಯನ್ನು ಬಿದಿರಿನ ಬುಟ್ಟಿಯಡಿ ಹಾಕಿ, ಮೇಲೊಂದು ಕಲ್ಲು ಇಟ್ಟು ಬಂದೆ. ಚಾವಡಿವರೆಗೂ ಅವಳ ಬೈಗುಳ ಕೇಳುತ್ತಾ ಉಂಟು. ಬೈಯಲಿ.

ಹೊಸದಾಗಿ ತಂದ ಮರಿಗಳಲ್ಲಿ ಒಂದಕ್ಕೆ ಅವಳು ಕುಕ್ಕಿ ಇವತ್ತು ರಕ್ತ ಬಂತು. ಇಷ್ಟು ದಿನ ಬರೀ ಗಲಾಟೆ, ಅಟ್ಟಿಸಿಕೊಂಡು ಹೋಗುವುದು, ನಾಲ್ಕು ಪುಕ್ಕ ಹಾರುವುದು, ಅಷ್ಟೇ ಇತ್ತು. ಅಷ್ಟಕ್ಕೆಲ್ಲ ನಾನು ಮಧ್ಯ ಹೋಗುತ್ತಿರಲಿಲ್ಲ. ಹೊಸಬರು ಬಂದರೆ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನ ಆಗಲೇಬೇಕು, ಅದು ಕೋಳಿಗಳ ವ್ಯವಹಾರ. ಆದರೆ ರಕ್ತ ಕಂಡ ಮೇಲೆ ಅದು ಒಂದು ಕೋಳಿಯ ಜಗಳವಾಗಿ ಉಳಿಯುವುದಿಲ್ಲ. ಕೆಂಪು ಎಲ್ಲಿ ಕಾಣುತ್ತದೋ ಅಲ್ಲಿಗೇ ಎಲ್ಲವೂ ಕುಕ್ಕುತ್ತವೆ. ಪಾಪದ ಬಿಳಿ ಹೇಂಟೆ ಸಹ ಬಂದು ಒಂದು ಕುಕ್ಕಿ ಹೋಯಿತು, ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ!

ಮರಿ ಅನ್ನುವುದು ನಾವು ಕರೆಯುವುದಕ್ಕೆ ಮಾತ್ರ. 12 ವಾರ ದಾಟಿದ ಸ್ವರ್ಣಧಾರಾ ತಳಿಯ ಹೇಂಟೆಗಳು. ಕಾಲು ಉದ್ದ, ಮೈ ಸಪೂರ, ಜುಟ್ಟು ಇನ್ನೂ ಬಣ್ಣ ಹಿಡಿದಿಲ್ಲ. ತಂದ ಹೊಸದರಲ್ಲಿ ಹಟ್ಟಿಯ ಆಚೆ ಬದಿ ಬೇರೆಯೇ ಇಟ್ಟಿದ್ದೆವು. ಲಸಿಕೆ ಆಗಿದೆ ಅಂದಿದ್ದರು, ಆದರೂ ರಾಣಿಖೇತ್ ರೋಗದ ಹೆದರಿಕೆ ಒಂದು ಇದ್ದೇ ಇರುತ್ತದಲ್ಲ. ಬಂದರೆ ಗೂಡು ಗೂಡೇ ಖಾಲಿ. ಆಮೇಲೆ ಮಲ್ಪೆಯಿಂದ ಇವರ ದೋಸ್ತಿ ಕೊಟ್ಟ ಹಳೆ ಬಲೆಯನ್ನು ನಡುವೆ ಕಟ್ಟಿದೆವು. ನೋಡಬಹುದು, ಮುಟ್ಟಬಾರದು. ಬಲೆಯ ಆ ಕಡೆ ಈ ಕಡೆ ಕಾಳು ಹಾಕಿದರೆ ಎಲ್ಲವೂ ಒಟ್ಟಿಗೆ ತಲೆ ತಗ್ಗಿಸಿ ತಿನ್ನುತ್ತಿದ್ದವು. ಬಲೆ ಬಿಚ್ಚಿದ ದಿನ ಅಜ್ಜಿ ಬಂದಳು. ಅಜ್ಜಿ ಅಂದರೆ ನಮ್ಮ ಕಪ್ಪು ಊರಕೋಳಿ, ಗೂಡಿನ ಯಜಮಾನಿ. ಒಂದೊಂದು ಮರಿಗೂ ತಲೆಗೆ ಒಂದೊಂದು ಸರಿಯಾಗಿ ಕೊಟ್ಟಳು, ತಿರುಗಿ ನೋಡದೆ ಬಾವಿಕಟ್ಟೆ ಹತ್ತಿರ ಮಣ್ಣು ಕೆದಕಲು ಹೋದಳು. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು.

ಕೆಂಪಿಯದ್ದು ಮಾತ್ರ ಮುಗಿಯುವುದೇ ಇಲ್ಲ.

ಎದುರಿಂದ ಬರುವವಳಲ್ಲ ಅವಳು. ಮರಿ ತಿನ್ನಲು ಅಡಿಕೆ ಹಾಳೆಗೆ ಬಗ್ಗುವವರೆಗೆ ಏನೂ ಗೊತ್ತಿಲ್ಲದವಳ ಹಾಗೆ ಆಚೆ ನೋಡುತ್ತಿರುತ್ತಾಳೆ. ಅದು ಬಗ್ಗಿತೋ, ಹಿಂದಿನಿಂದ ಬಂದು ಕತ್ತಿನ ಚರ್ಮವನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತಾಳೆ. ಬಿಡುವುದಿಲ್ಲ. ಮರಿ ಕಿರುಚುತ್ತಾ ಎಳೆದುಕೊಂಡು ಓಡಿದರೆ ಇವಳೂ ಹಿಂದೆಯೇ ಎರಡು ಹೆಜ್ಜೆ. ಆಮೇಲೆ ಕೊಕ್ಕಿಗೆ ಅಂಟಿದ ಪುಕ್ಕವನ್ನು ನೆಲಕ್ಕೆ ಉಜ್ಜಿ ಉಜ್ಜಿ ಒರೆಸುತ್ತಾಳೆ, ಆಚೆ ಬದಿ ಒಮ್ಮೆ, ಈಚೆ ಬದಿ ಒಮ್ಮೆ. ನೋಡಿದರೆ ಮೈ ಉರಿಯುತ್ತದೆ.

ಮಧ್ಯಾಹ್ನ ಹಿಡಿಸೂಡಿ ಹಿಡಿದು ಅವಳ ಹಿಂದೆ ಓಡುತ್ತಿದ್ದಾಗಲೇ ಪಕ್ಕದ ಮನೆಯ ಹೆಂಗಸು, ನಾವು 'ಬಾಯಿ' ಅಂತ ಕರೆಯುವವರು, ಕೊಡೆ ಹಿಡಿದುಕೊಂಡು ಬಂದದ್ದು. ತಜಂಕ್ ಸೊಪ್ಪು ತಂದಿದ್ದರು.

"ಎಂತ ಮಗಾ, ಕೋಳಿ ಜಗಳಕ್ಕೆ ನೀನು ಪೊಲೀಸಾ?"

"ರಕ್ತ ಬಂದಿದೆ ಬಾಯಿ, ನೋಡಿ."

ಮರಿಯನ್ನು ಕೈಗೆ ತೆಗೆದುಕೊಂಡು ಕತ್ತಿನ ಪುಕ್ಕ ಬಿಡಿಸಿ ನೋಡಿದರು. ನಾನು ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದೆ. "ಅದು ಸರಿ, ಅದರ ಮೇಲೆ ಒಲೆಯ ಮಸಿ ಹಚ್ಚು. ಕೆಂಪು ಕಾಣಬಾರದು. ಒಣಗುವವರೆಗೆ ಬೇರೆ ಇಡು. ಒಂದನ್ನೇ ಇಡಬೇಡ, ಜೊತೆಗೆ ಇನ್ನೊಂದು ಮರಿ ಇರಲಿ. ಒಂದೇ ವಾಪಸ್ ಬಂದರೆ ಎಲ್ಲ ಸೇರಿ ಕುಕ್ಕುತ್ತವೆ."

ಆಮೇಲೆ ಹಟ್ಟಿಯನ್ನೆಲ್ಲ ಒಂದು ಸುತ್ತು ನೋಡಿದರು. "ಓಡಿದರೆ ಎಲ್ಲಿಗೆ ಓಡುದು ಇವು? ಮಳೆ ಅಂತ ನೀನು ಎಲ್ಲವನ್ನೂ ಇಲ್ಲೇ ಕೂಡಿದ್ದಿ." ತೆಂಗಿನ ನಾಲ್ಕು ಒಣ ಮಡಲು ಎಳೆದು ತಂದು ಗೋಡೆಗೆ ಓರೆಯಾಗಿ ಒರಗಿಸಿದರು. ಸಪೂರ ಮರಿ ಅದರ ಹಿಂದೆ ನುಗ್ಗಬಹುದು, ದಪ್ಪ ಕೋಳಿಗೆ ಕಷ್ಟ. ಆದರೆ ಎರಡೂ ಬದಿ ತೆರೆದಿರಬೇಕಂತೆ. ಒಂದೇ ಬಾಗಿಲಾದರೆ ಒಳಗೆ ಸಿಕ್ಕಿಬಿದ್ದ ಮರಿಯ ಕತೆ ಮುಗಿಯಿತು. ತಿನ್ನಲು ಹಾಕುವ ಹಾಳೆಯನ್ನೂ ದೂರ ದೂರ ಇಡಿಸಿದರು, ಒಂದು ಕಡೆ ನಿಂತು ಎಲ್ಲವನ್ನೂ ಕಾಯಲು ಆಗದ ಹಾಗೆ.

ನಾನು ಕೇಳಿದೆ: "ಈ ಕೆಂಪಿಗೆ ಎಂತ ಕೊಬ್ಬು ಬಾಯಿ? ಅಜ್ಜಿಯೇ ಸುಮ್ಮನಿದ್ದಾಳೆ."

"ಅಜ್ಜಿಗೆ ಎಂತ ಹೋಗ್ತದೆ? ಅವಳು ಮೇಲೆಯೇ. ಇದು ಕೆಳಗಿನದ್ದಲ್ವಾ? ನಿನ್ನಲ್ಲಿ ಕಡೆಗೆ ತಿನ್ನುವುದು ಯಾವುದು ಹೇಳು."

ಕೆಂಪಿ. ಹೌದಲ್ಲ. ಹೋದ ವರ್ಷವಿಡೀ ಎಲ್ಲರೂ ತಿಂದು ಬಿಟ್ಟ ಮೇಲೆ ತಿಂದವಳು ಅವಳು. ಕತ್ತಿನ ಹಿಂದೆ ಒಂದು ಜಾಗದಲ್ಲಿ ಪುಕ್ಕವೇ ಸರಿಯಾಗಿ ಬಂದಿಲ್ಲ. ಈಗ ಅವಳು ಮರಿಗಳಿಗೆ ಕಚ್ಚುವುದೂ ಸರಿಯಾಗಿ ಅಲ್ಲಿಗೇ. ಇದು ನನ್ನ ಕಣ್ಣಿಗೆ ಬೀಳಲು ಬಾಯಿ ಬರಬೇಕಾಯಿತು. ಅದರ ನಂತರ ಹಿಡಿಸೂಡಿ ಎತ್ತಲು ಕೈ ಬರಲಿಲ್ಲ. ಆದರೆ ಹಾಗಂತ ಬಿಟ್ಟರೆ ಮರಿ ಸಾಯುತ್ತದೆ.

ಮಡಲಿನ ಹಿಂದಿನಿಂದ ಒಂದು ಮರಿ ಇಣುಕಿ ನೋಡಿ ಪುನಃ ಒಳಗೆ ಹೋಯಿತು. ಬುದ್ಧಿವಂತೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರದ್ದು ಗೊತ್ತಲ್ಲ, ಯಾವುದಕ್ಕೂ ಒಂದು ಕತೆ ಇರಲೇಬೇಕು. ನಾರ್ವೆಯಲ್ಲಿ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ಅಂತ ಒಬ್ಬರಿದ್ದರಂತೆ. ಸಣ್ಣ ಹುಡುಗನಾಗಿದ್ದಾಗಲೇ ಯಾವ ಕೋಳಿ ಯಾವುದಕ್ಕೆ ಕುಕ್ಕುತ್ತದೆ ಅಂತ ಗಮನಿಸುತ್ತಾ ಕೂತವರು. ದೊಡ್ಡವರಾದ ಮೇಲೆ 1920ರ ದಶಕದಲ್ಲಿ ಅದನ್ನೇ ವಿಜ್ಞಾನವಾಗಿ ಬರೆದರು. ಪ್ರತಿ ಎರಡು ಕೋಳಿಯ ನಡುವೆಯೂ ಯಾರು ಕುಕ್ಕಬಹುದು, ಯಾರು ಕುಕ್ಕಿಸಿಕೊಳ್ಳಬೇಕು ಅಂತ ತೀರ್ಮಾನ ಇರುತ್ತದೆ ಅಂತ. "ಪೆಕಿಂಗ್ ಆರ್ಡರ್ ಅಂತ ಆಫೀಸಿನಲ್ಲಿ ನಾವು ಹೇಳುವುದು ಅಲ್ಲಿಂದಲೇ ಬಂದದ್ದು" ಅಂದರು, ತಾವೇ ಕಂಡುಹಿಡಿದವರ ಹಾಗೆ. ಗಸಿ ಇನ್ನೊಂದು ಸೌಟು ಹಾಕಿಸಿಕೊಂಡರು. ಹಟ್ಟಿ ಗುಡಿಸಲು ಬರುವುದಿಲ್ಲ, ನಾರ್ವೆ ಕತೆ ಗೊತ್ತುಂಟು.

ರಾತ್ರಿ ಗೂಡಿಗೆ ಸೇರಿಸಿದರೆ ಬೆಳಿಗ್ಗೆ ಎಲ್ಲ ಮರೆತಿರುತ್ತವೆ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿ ಕಾಣುವುದಿಲ್ಲ, ಆದ್ದರಿಂದ ರಾತ್ರಿ ಸುಮ್ಮನಿರುತ್ತವೆ, ಅಷ್ಟೇ. ಬೆಳಕು ಹರಿಯಿತೋ, ಪಕ್ಕದಲ್ಲಿ ಕೂತದ್ದು ಯಾರು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಬೆಳಕಾಗುವ ಮೊದಲೇ ನಾವು ಎದ್ದು ಬಾಗಿಲು ತೆಗೆದು ಕಾಳು ಚೆಲ್ಲಿದರೆ ಮಾತ್ರ ಆ ಉಪಾಯಕ್ಕೆ ಅರ್ಥ. ಈ ಆಟಿ ತಿಂಗಳ ಮಳೆಯಲ್ಲಿ ಯಾರು ಏಳುತ್ತಾರೆ, ಹೇಳಿ.

ತಿಂಡಿಯದ್ದು ಇನ್ನೊಂದು ತಲೆನೋವು. ಮೊಟ್ಟೆ ಇಡುವವಕ್ಕೆ ಹಾಕುವ ಫೀಡಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಶೇ. 3.5ರಿಂದ 4ರವರೆಗೆ ಇರುತ್ತದೆ. ಬೆಳೆಯುವ ಮರಿಗೆ ಅಷ್ಟು ಆಗುವುದಿಲ್ಲ, ಮೂತ್ರಪಿಂಡ ಹಾಳಾಗುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಇದು ನಿನ್ನದು ಅದು ಅವಳದ್ದು ಅಂತ ಹೇಳಲು ಆಗುತ್ತದಾ? ಈಗ ಎಲ್ಲರಿಗೂ ಬೆಳೆಯುವ ಮರಿಗಳ ಗ್ರೋವರ್ ಫೀಡೇ. ಮೊಟ್ಟೆ ಇಡುವವಕ್ಕೆ ಸುಣ್ಣ ಸಿಗಲಿ ಅಂತ, ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನದ ಚಿಪ್ಪನ್ನು ತೊಳೆದು, ಜಜ್ಜಿ ಬೇರೆ ಕರಟದಲ್ಲಿ ಇಟ್ಟಿದ್ದೇನೆ. ಬೇಕಾದವು ಹೋಗಿ ತಿನ್ನುತ್ತವೆ, ಮರಿಗಳು ಆ ಕಡೆ ಹೋಗುವುದೂ ಇಲ್ಲ.

ಅತ್ತೆಗೆ ಇದೆಲ್ಲ ಅತಿ ಅನ್ನಿಸಿದೆ. ಸಂಜೆ ಚಾ ಕುಡಿಯುತ್ತಾ ಬುಟ್ಟಿ ಕಡೆ ನೋಡಿದರು. "ಆಟಿ ಮುಗಿಯುವ ಮೊದಲು ಒಂದು ಕೋರಿ ರೊಟ್ಟಿ ಆಗಬೇಕಿತ್ತು" ಅಂದರು, ಯಾರಿಗೂ ಅಂತ ಅಲ್ಲ. ಕೋಳಿ ಸಾರಿನ ಆಸೆ. ಇವರು ತಟ್ಟನೆ ತಲೆಯಾಡಿಸಿದರು. ಇಂಥದ್ದಕ್ಕೆ ಮಾತ್ರ ತಾಯಿ ಮಗ ಒಂದೇ.

ನಾನು ಹೂಂ ಅನ್ನಲಿಲ್ಲ. ಕೆಂಪಿ ಮೊಟ್ಟೆಗೆ ಮೋಸ ಮಾಡಿದವಳಲ್ಲ.

ಕುಕ್ಕುವ ಕೋಳಿಯನ್ನು ಕೆಲವು ದಿನ ಕಣ್ಣಿಗೆ ಕಾಣದ ಹಾಗೆ ಬೇರೆ ಇಟ್ಟರೆ ಅದರ ಪಟ್ಟ ಹೋಗುತ್ತದೆ, ವಾಪಸ್ ಬಂದಾಗ ಅದೇ ಹೊಸಬಳಾಗುತ್ತದೆ. ಇದು ಸರಿಯೇ. ಅದಕ್ಕೇ ಬುಟ್ಟಿ. ಆದರೆ ಅದು ಪಟ್ಟ ಇದ್ದವರಿಗೆ ಹೇಳಿದ ಮದ್ದು. ಅಜ್ಜಿಯನ್ನು ಬುಟ್ಟಿಯಡಿ ಹಾಕಿದ್ದರೆ ನಾಲ್ಕು ಮೆಟ್ಟಿಲು ಕೆಳಗೆ ಬರುತ್ತಿದ್ದಳು. ಕೆಂಪಿ ಇದ್ದದ್ದೇ ಕಡೆಯಲ್ಲಿ. ಇವಳು ಹೊರಗೆ ಬರುವಾಗ ಮರಿಗಳು ಇನ್ನಷ್ಟು ಬಲಿತಿರುತ್ತವೆ, ಅಂಗಳವೂ ಅವುಗಳದ್ದೇ ಆಗಿರುತ್ತದೆ. ಆಗ ಆ ಮಡಲಿನ ಹಿಂದೆ ಇವಳಿಗೆ ನುಗ್ಗಲೂ ಆಗುವುದಿಲ್ಲ. ಹಾಗಾದರೆ ಇನ್ನೊಂದು ಮಡಲು ಸ್ವಲ್ಪ ಅಗಲ ಬಿಟ್ಟು ಒರಗಿಸಿದರೆ? ಆದರೆ ಅಗಲ ಬಿಟ್ಟರೆ ಅಜ್ಜಿಯೂ ನುಗ್ಗುತ್ತಾಳೆ.